ಸಾಲುಬಳ್ಳಿ, ಚಪ್ಪರದ ಬಳ್ಳಿ: ದೊಡ್ಡಬಳ್ಳಾಪುರದ ದ್ರಾಕ್ಷಿ ಸೀಮೆಯಲ್ಲಿ

ಬೆಂಗಳೂರಿನ ಬಹುಪಾಲು ಜನರಿಗೆ ದೊಡ್ಡಬಳ್ಳಾಪುರವೆಂದರೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವಾಗ ದಾಟಿಹೋಗುವ ಊರು. ಮೆಜೆಸ್ಟಿಕ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಈ ತಾಲ್ಲೂಕು ಕೇಂದ್ರ, ನಂದಿ ಕಣಿವೆಯೆಂದು ಹೆಸರಾದ ವೈನ್ ಸೀಮೆಯ ನಡುವೆಯೇ ಇದೆ ಎನ್ನುವುದು ಅಲ್ಲಿ ಬಸ್ಸಿನಿಂದ ಇಳಿದವರಿಗೆ ತಟ್ಟನೆ ಹೊಳೆಯುವುದಿಲ್ಲ. ಪೇಟೆಯ ಗಲ್ಲಿಗಳಲ್ಲಿ ಕೇಳುವುದು ವಿದ್ಯುತ್ ಮಗ್ಗಗಳ ಸದ್ದು. ಅಂಗಡಿಬೀದಿಯಲ್ಲಿ ಕಾಣುವುದು ಹಾಲಿನ ಕ್ಯಾನು, ಹೂವಿನ ಮೂಟೆ, ಸೊಪ್ಪಿನ ಕಟ್ಟು. ವೈನಿನ ಊರು ಎಂದ ಕೂಡಲೇ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೂ ಈ ಊರಿಗೂ ಯಾವ ಹೋಲಿಕೆಯೂ ಇಲ್ಲ. ನನಗೆ ಅಲ್ಲಿಗೆ ಹೋಗಬೇಕೆನ್ನಿಸಿದ್ದೂ ಅದೇ ಕಾರಣಕ್ಕೆ.

ದ್ರಾಕ್ಷಿ ಕೊಯ್ಲಿನ ಕಾಲವೆಂದು ಫೆಬ್ರುವರಿಯನ್ನೇ ಆರಿಸಿಕೊಂಡು, ತೀರ್ಥಹಳ್ಳಿಯಿಂದ ಬಂದಿದ್ದ ಭಾವನವರನ್ನೂ ಕರೆದುಕೊಂಡು ಹೊರಟೆ. ಭಾವ ಅಡಿಕೆ ಬೆಳೆಗಾರರು. ವೈನ್ ಮುಟ್ಟುವವರಲ್ಲ, ಆದರೆ ಯಾರದೇ ತೋಟ ಕಂಡರೂ ಬೇಲಿಯಾಚೆ ನಿಂತೇ ಅದರ ಬೆಲೆ ಕಟ್ಟಿಬಿಡುವವರು. ಯಲಹಂಕ, ರಾಜಾನುಕುಂಟೆ ದಾಟುವವರೆಗಿನ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಅದು ಬೆಂಗಳೂರೇ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ರಸ್ತೆಗೆ ತಿರುಗಿದ ಮೇಲೆ ರಾಗಿಯ ಹೊಲ, ನೀಲಗಿರಿ ತೋಪು, ಅವುಗಳ ನಡುವೆ ಅಲ್ಲಲ್ಲಿ ಕಲ್ಲು ನೆಟ್ಟ ಬಡಾವಣೆ ಕಾಣತೊಡಗುತ್ತವೆ. ದೂರದಲ್ಲಿ 1478 ಮೀಟರ್ ಎತ್ತರದ ನಂದಿ ಬೆಟ್ಟ.

ಈ ರಸ್ತೆಯ ರಘುನಾಥಪುರದಲ್ಲಿ ಗ್ರೋವರ್ ಜಂಪಾ ದ್ರಾಕ್ಷಿ ತೋಟವಿದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೇಶದ ಹಲವೆಡೆಯ ಮಣ್ಣು, ಹವೆಗಳನ್ನು ಪರೀಕ್ಷಿಸಿ, ಕೊನೆಗೆ ಈ ಬೆಟ್ಟದ ಬುಡವನ್ನು ಒಪ್ಪಿ 1988ರಲ್ಲಿ ತೋಟಕ್ಕೆ ಅಡಿಪಾಯ ಹಾಕಿದರು. ಮುಂದಿನ ದಶಕದಲ್ಲಿ ಫ್ರಾನ್ಸಿನದೇ ಇನ್ನೊಂದು ವೈನ್ ಸೀಮೆಯಾದ ಬೋರ್ಡೋದ ಹೆಸರಾಂತ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ನಾಸಿಕ್ ಕಡೆಯ ಮತ್ತೊಂದು ಕಂಪನಿಯೊಂದಿಗೆ ವಿಲೀನವಾದ ಮೇಲೆ ಈಗಿನ ಹೆಸರು ಬಂತು. ಮೊದಲೇ ಕಾಯ್ದಿರಿಸಿಕೊಂಡು ಹೋದರೆ ತೋಟ, ನೆಲಮಾಳಿಗೆ ಎರಡನ್ನೂ ತೋರಿಸಿ, ಕೊನೆಗೆ ವೈನಿನ ರುಚಿ ನೋಡಲು ಕೂರಿಸುತ್ತಾರೆ.

ತೋಟ ತೋರಿಸಲು ಬಂದ ಯುವಕ ಮೊದಲು ವಿವರಿಸಿದ್ದು, ಇಲ್ಲಿ ವೈನ್ ದ್ರಾಕ್ಷಿ ಬೆಳೆಯುವುದೇ ಒಂದು ವಿಚಿತ್ರ ಎಂಬುದನ್ನು. ಹೆಸರಾಂತ ವೈನ್ ಸೀಮೆಗಳು ಸಾಮಾನ್ಯವಾಗಿ ಸಮಭಾಜಕ ವೃತ್ತದಿಂದ 30ರಿಂದ 50 ಡಿಗ್ರಿ ದೂರದಲ್ಲಿರುತ್ತವೆ. ದೊಡ್ಡಬಳ್ಳಾಪುರ ಇರುವುದು 13ರಲ್ಲಿ. ಆ ಹೆಸರಾಂತ ಸೀಮೆಗಳಲ್ಲಿ ಚಳಿಗಾಲ ಬಂತೆಂದರೆ ಬಳ್ಳಿ ಎಲೆಯುದುರಿಸಿ ನಿದ್ದೆಹೋಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಆದ್ದರಿಂದ ವರ್ಷಕ್ಕೆ ಎರಡು ಸಲ ಕಡ್ಡಿ ಸವರಬೇಕು: ಬೇಸಿಗೆಯಲ್ಲಿ ಬಳ್ಳಿಯನ್ನು ಬಲಪಡಿಸುವುದಕ್ಕೆ ಒಮ್ಮೆ, ಮಳೆ ಹಿಂದೆಗೆಯುವ ಹೊತ್ತಿಗೆ ಹಣ್ಣಿಗಾಗಿ ಇನ್ನೊಮ್ಮೆ. ಹೀಗೆ ಸವರಿದ ಬಳ್ಳಿಯ ಹಣ್ಣು ಒಣಹವೆಯಲ್ಲಿ ಮಾಗಿ, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಉಳಿದದ್ದನ್ನು ನೆಲದ ಎತ್ತರ ನೋಡಿಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಈ ಬಯಲಿನಲ್ಲಿ ಹಗಲು ಎಷ್ಟೇ ಕಾದರೂ ರಾತ್ರಿ ತಂಪಾಗುತ್ತದೆ, ಆ ತಂಪಿನಿಂದಾಗಿ ಹಣ್ಣಿನಲ್ಲಿ ಸಿಹಿ ಏರುವಾಗಲೂ ಹುಳಿ ಪೂರ್ತಿ ಇಳಿದುಹೋಗುವುದಿಲ್ಲ. ಹುಳಿಯಿಲ್ಲದ ವೈನ್ ಸಪ್ಪೆ. ಯುವಕ ಕಿತ್ತುಕೊಟ್ಟ, ಕ್ಯಾಬರ್ನೆ ಸಾವಿನ್ಯೋಂ ಎಂಬ ಕೆಂಪು ವೈನ್ ತಳಿಯ ಹಣ್ಣು ಬಟಾಣಿ ಕಾಳಿಗಿಂತ ತುಸು ದೊಡ್ಡದು. ಸಿಪ್ಪೆ ದಪ್ಪ, ಒಳಗೆ ಬೀಜವೇ ಹೆಚ್ಚು. ಬಾಯಿಗೆ ಹಾಕಿಕೊಂಡ ಭಾವ, ಇದನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ ಎಂದು ತೀರ್ಪು ಕೊಟ್ಟರು.

ಈ ತಳಿಯ ಮೂಲ ಬೋರ್ಡೋ ಎಂದು ಯುವಕ ಹೇಳಿದಾಗ ಮಾತ್ರ ಭಾವನವರ ಕಿವಿ ನಿಮಿರಿತು. "ಬೋರ್ಡೋ ಅಂದರೆ? ಮೈಲುತುತ್ತ, ಸುಣ್ಣದ ಬೋರ್ಡೋವೇ?" ಎಂದು ಕೇಳಿದರು. ಮಲೆನಾಡಿನವರಿಗೆ ಬೋರ್ಡೋ ಒಂದು ಊರಲ್ಲ, ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಹೊಡೆಯುವ ಔಷಧ. ಆ ಯುವಕನಿಗೆ ಕೊಳೆರೋಗ ಗೊತ್ತಿರಲಿಲ್ಲ, ಭಾವನವರಿಗೆ ಕ್ಯಾಬರ್ನೆ ಗೊತ್ತಿರಲಿಲ್ಲ. ಇಬ್ಬರೂ ಮಾತಾಡುತ್ತಿದ್ದದ್ದು ಒಂದೇ ಊರಿನ ಬಗ್ಗೆ. ಅಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಚಿಮುಕಿಸುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದಿರುವುದನ್ನು ಕಂಡ ಮಿಯಾರ್ದೆ ಎಂಬ ಸಸ್ಯವಿಜ್ಞಾನಿ ಪ್ರಯೋಗ ನಡೆಸಿ, 1885ರಲ್ಲಿ ಆ ದ್ರಾವಣವನ್ನು ಜಗತ್ತಿಗೆ ತಿಳಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಕಳೆದ ಶತಮಾನದ ಆರಂಭದಲ್ಲಿ ಅಡಿಕೆಗೆ ತಂದರು. ಬೋರ್ಡೋದ ವೈನ್ ಬಳ್ಳಿ ನಂದಿಯ ತಪ್ಪಲಿಗೆ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಅಲ್ಲಿನ ಔಷಧ ನಮ್ಮ ತೋಟಗಳಿಗೆ ಬಂದಾಗಿತ್ತು.

ನೆಲಮಾಳಿಗೆಯ ವಿಚಾರ ಚುಟುಕಾಗಿ ಹೇಳಿದರೆ ಸಾಕು. ಕೆಂಪು ವೈನಿಗೆ ಹಣ್ಣನ್ನು ಸಿಪ್ಪೆಸಮೇತ ಹುದುಗಲು ಬಿಡುತ್ತಾರೆ, ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರುತ್ತವೆ. ಬಿಳಿ ವೈನಿಗೆ ರಸವನ್ನು ಮೊದಲೇ ಬೇರ್ಪಡಿಸಿ, ಉಕ್ಕಿನ ತೊಟ್ಟಿಗಳಲ್ಲಿ ತಂಪಾಗಿಟ್ಟು ಹುದುಗಿಸುತ್ತಾರೆ. ಓಕ್ ಮರದ ಪೀಪಾಯಿಗಳ ಸಾಲಿನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಂಡರು, ನಾವೂ ತೆಗೆಸಿಕೊಂಡೆವು. ಆಮೇಲಿನ ರುಚಿಯ ಮೇಜಿನಲ್ಲಿ, ಲೋಟವನ್ನು ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಬೇಕು ಎಂಬ ಪಾಠ ನನಗೆ ಸ್ವಲ್ಪ ಅತಿಯೆನ್ನಿಸಿತು. ಆದರೆ ಶಿರಾಜ್ ವೈನಿನ ಲೋಟವನ್ನು ಮೂಗಿನ ಬಳಿ ಹಿಡಿದ ಭಾವ, ಕುಡಿಯದೆಯೇ, "ಕಾಳುಮೆಣಸು" ಎಂದುಬಿಟ್ಟರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವರ ಮೂಗು ಸುಳ್ಳು ಹೇಳುವುದಿಲ್ಲ: ಶಿರಾಜ್ ಹಣ್ಣಿನ ಸಿಪ್ಪೆಯಲ್ಲೂ ಕಾಳುಮೆಣಸಿನಲ್ಲೂ ಇರುವ ರೋಟಂಡೋನ್ ಎಂಬ ಒಂದೇ ಪದಾರ್ಥ ಆ ಘಾಟಿಗೆ ಕಾರಣ.

ಅಲ್ಲಿಗೆ ಬಂದಿದ್ದ ಪ್ರವಾಸಿಗರಲ್ಲಿ ಹೆಚ್ಚಿನವರು ಬಾಟಲಿ ಕೊಂಡು, ಕಾರು ಹತ್ತಿ, ಬೆಂಗಳೂರಿನ ಕಡೆಗೆ ತಿರುಗಿದರು. ನಾವು ಊಟಕ್ಕೆ ಪೇಟೆಗೆ ಬಂದೆವು. ಮುದ್ದೆ, ಬಸ್ಸಾರು ಉಣ್ಣುತ್ತ ಹೋಟೆಲಿನವರನ್ನು ವೈನಿನ ಬಗ್ಗೆ ಕೇಳಿದರೆ, "ಅದೆಲ್ಲ ಬೆಂಗಳೂರಿನವರಿಗೆ ಸಾರ್, ನಮ್ಮೋರು ಅಲ್ಲಿಗೆ ಹೋಗೋದು ಕೂಲಿಗೆ" ಎಂದರು. ಊಟದ ಬಳಿಕ ಹೊಕ್ಕ ಗಲ್ಲಿಯಲ್ಲಿ ಬಹುತೇಕ ಮನೆಗಳ ಮುಂಗೋಣೆಯೇ ಕಾರ್ಖಾನೆ. ನೇಯ್ಗೆಯಲ್ಲಿ ಚಿತ್ತಾರ ಮೂಡಿಸುವ ಜಕಾರ್ಡಿನ ತೂತು ಕೊರೆದ ರಟ್ಟುಗಳು ಮೇಲಿನಿಂದ ಸರಣಿಯಾಗಿ ಇಳಿಯುತ್ತಿದ್ದವು. ಒಬ್ಬ ಹೆಂಗಸು ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿ, ಮತ್ತೆ ಸ್ವಿಚ್ ಒತ್ತುವವರೆಗೆ ಮಾತ್ರ ಮಾತಾಡಲು ಬಿಡುವಿತ್ತು. ಅವರ ಸೀರೆಗಳು ಹೋಗುವುದೂ ಬೆಂಗಳೂರಿಗೇ.

ಸಂಜೆಯ ಮುನ್ನ ನೋಡಿದ್ದು ಇನ್ನೊಂದು ಬಗೆಯ ದ್ರಾಕ್ಷಿ ತೋಟ. ನನ್ನ ಪಾಲಿಗೆ ಈ ಪ್ರಯಾಣದ ತಿರುಳು ಅದೇ. ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ತಲೆಯ ಮೇಲೆ ಚಪ್ಪರ ಹಬ್ಬಿಸಿದ ಬೆಂಗಳೂರು ನೀಲಿಯ ತೋಟ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಭಾಗಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಬೆಳೆಯುತ್ತಿರುವ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹಣ್ಣನ್ನು ಹಿಸುಕಿದರೆ ದಪ್ಪ ಸಿಪ್ಪೆ ಕೈಯಲ್ಲಿ ಉಳಿದು, ತಿರುಳು ಒಟ್ಟಾಗಿ ಬಾಯಿಗೆ ಜಾರುತ್ತದೆ. ಅದರ ಗಾಢವಾದ ಪರಿಮಳ ಬೆಳಿಗ್ಗೆ ನೋಡಿದ ವೈನ್ ತೋಟದ ಸಾಲುಬಳ್ಳಿಯ ಯಾವ ಹಣ್ಣಿಗೂ ಇರಲಿಲ್ಲ. ಅಮೆರಿಕದ ಕಾಡುದ್ರಾಕ್ಷಿಯ ರಕ್ತಸಂಬಂಧದಿಂದ ಬಂದ ಆ ಪರಿಮಳವೇ ವೈನ್ ಪಂಡಿತರಿಗೆ ಸೇರುವುದಿಲ್ಲ. ಇದರ ನೆಂಟನಾದ ಇಸಬೆಲ್ಲಾ ತಳಿಯ ವೈನ್ ಮಾರಾಟವನ್ನು ಫ್ರಾನ್ಸ್ 1930ರ ದಶಕದಲ್ಲೇ ನಿಷೇಧಿಸಿತ್ತು. ಇಲ್ಲಿಯೂ ಬೆಂಗಳೂರು ನೀಲಿ ಹೋಗುವುದು ಜ್ಯೂಸಿಗೆ, ಸಿಹಿಯಾದ ಅಗ್ಗದ ಪೋರ್ಟ್ ವೈನಿಗೆ, ತಳ್ಳುಗಾಡಿಗೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದು ನಂದಿ ಕಣಿವೆಯನ್ನು ವೈನ್ ವಲಯವೆಂದು ಗುರುತಿಸಿತು, ಆದರೆ ನಮಗೆ ಅಂದು ಸುರಿದುಕೊಟ್ಟ ವೈನುಗಳಲ್ಲಿ ಈ ನೆಲದ ಹೆಸರು ಹೊತ್ತ ದ್ರಾಕ್ಷಿ ಇರಲಿಲ್ಲ. ಅದರಿಂದ ಶ್ರೇಷ್ಠ ವೈನ್ ಆಗುವುದಿಲ್ಲವೆಂದೇ ಇಟ್ಟುಕೊಂಡರೂ, ಪಕ್ಕದಲ್ಲಿ ಒಂದು ಲೋಟ ಅದರ ರಸವಿಟ್ಟು ರುಚಿ ನೋಡಿ ಎನ್ನಲು ಯಾವ ಅಡ್ಡಿಯೂ ಇರಲಾರದು.

ತೋಟದ ಯಜಮಾನರು ನಮ್ಮೊಂದಿಗೆ ಕನ್ನಡದಲ್ಲಿ, ಕೂಲಿಯಾಳುಗಳೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಹಿಂದೆ ಬಾವಿಯ ನೀರಿನಲ್ಲೇ ಬೆಳೆದ ಬೆಳೆಗೆ ಈಗ ಸಾವಿರ ಅಡಿ ದಾಟಿದ ಕೊಳವೆಬಾವಿ, ಹನಿ ನೀರಾವರಿ. ನಂದಿ ಬೆಟ್ಟದಲ್ಲಿ ಹುಟ್ಟಿ ಈ ಊರಿನ ಕೆರೆಗಳಿಗೆ ಇಳಿಯುವ ಅರ್ಕಾವತಿ ಮಳೆ ಚೆನ್ನಾಗಿ ಬಂದ ವರ್ಷ ಮಾತ್ರ ಹರಿಯುತ್ತದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಅಕ್ಕಪಕ್ಕದ ಎಷ್ಟೋ ಚಪ್ಪರಗಳು ನಿವೇಶನಗಳಾದವು. "ಭೂಮಿ ಮಾರಿದರೆ ಒಂದೇ ಸಲ ದುಡ್ಡು ಸಾರ್, ಆಮೇಲೆ ಬೆಳಗಾಗೆದ್ದು ಎಲ್ಲಿಗೆ ಹೋಗೋದು?" ಎಂದು ಅವರು ನಕ್ಕರು.

ಭಾವ ಒಂದು ಕ್ರೇಟು ಹಣ್ಣು ಕೊಂಡು, ಮನೆಯಂಗಳದಲ್ಲಿ ಹಬ್ಬಿಸಲು ನಾಲ್ಕು ಕಡ್ಡಿ ಕೊಡುತ್ತೀರಾ ಎಂದು ಕೇಳಿದರು. ಯಾವ ಊರು ಎಂದು ವಿಚಾರಿಸಿದ ಯಜಮಾನರು, ತೀರ್ಥಹಳ್ಳಿ ಎಂದ ಕೂಡಲೇ ತಲೆಯಾಡಿಸಿದರು: "ಆ ಮಳೆಗೆ ಬಳ್ಳಿ ಬರಬಹುದು ಅಣ್ಣ, ಹಣ್ಣು ನಿಲ್ಲೋದು ಕಷ್ಟ. ಆದರೂ ಬೇಕಂದ್ರೆ ಈಗ ಬೇಡ, ಮುಂದೆ ಕಡ್ಡಿ ಸವರುವಾಗ ಬನ್ನಿ, ಒಂದು ಕಟ್ಟೇ ಕೊಡ್ತೀನಿ." ಭಾವ ಅವರ ಫೋನ್ ನಂಬರ್ ಬರೆದುಕೊಂಡರು.