ಕೊನೇ ಸ್ಟಿಚ್ ಎಲ್ಲೋಯ್ತು?

ಆಫೀಸಲ್ಲಿ ಪಕ್ಕದ ಸೀಟವಳು "ಏನೋ ಇದು, ಸಮೋಸಾನಾ?" ಅಂತ ಕೇಳಿದ್ಮೇಲೇನೇ ನಂಗೆ ಗೊತ್ತಾಗಿದ್ದು ನಾನು ಕ್ರೋಶೆ ಕಡ್ಡೀಲಿ ಹೆಣೀತಿರೋದು ಚೌಕ ಅಲ್ಲ ಅಂತ. 16 ಸ್ಟಿಚ್ಚಲ್ಲಿ ಶುರು ಮಾಡಿದ್ದು, 8 ಸಾಲು ಮುಗಿಯೋ ಹೊತ್ತಿಗೆ 9 ಉಳಿದಿತ್ತು. ಮಧ್ಯ ಎಲ್ಲೂ ನಾನು ಕಮ್ಮಿ ಮಾಡಿಲ್ಲ, ಆಣೆ ಮಾಡಿ ಹೇಳ್ತೀನಿ. ಆ 7 ಸ್ಟಿಚ್ ಎಲ್ಲೋದ್ವು ಅಂತ ಕಂಡುಹಿಡಿಯೋಕೆ ನಂಗೆ ಮೂರು ವಾರ ಬೇಕಾಯ್ತು, ಅದೂ ನಾನು ಕಂಡುಹಿಡಿದಿದ್ದಲ್ಲ, ನಮ್ ಮನೆ ಓನರ್ ಆಂಟಿ.

ಶುರುವಾಗಿದ್ದು ಮೆಟ್ರೋಯಿಂದ. ವಿಜಯನಗರದಿಂದ ವೈಟ್‌ಫೀಲ್ಡ್ ಕಡೆ ದಿನಾ ಹೋಗಿ ಬರ್ಬೇಕು, 2023ರ ಅಕ್ಟೋಬರಲ್ಲಿ ಪರ್ಪಲ್ ಲೈನ್ ಪೂರ್ತಿ ಆದ್ಮೇಲೆ ಬೈಕ್ ಬಿಟ್ಬಿಟ್ಟೆ, ಅಂದ್ರೆ ದಿನಕ್ಕೆ ಎರಡು ಗಂಟೆ ಮೇಲೆ ಟ್ರೈನಲ್ಲೇ. ಅಷ್ಟೂ ಹೊತ್ತು ರೀಲ್ಸ್ ನೋಡಿ ನೋಡಿ ಹೆಬ್ಬೆರಳು ನೋಯೋಕೆ ಶುರುವಾಗಿತ್ತು. ಒಂದಿನ ಎದುರು ಸೀಟಲ್ಲಿ ಒಂದು ಹುಡುಗಿ ಒಂದೇ ಕಡ್ಡಿ ಇಟ್ಕೊಂಡು ಏನೋ ಹೆಣೀತಾ ಇದ್ಲು, ಕಬ್ಬನ್ ಪಾರ್ಕ್ ಹತ್ರ ಒಂದು ದಳ ಇದ್ದ ಹೂವು ಇಂದಿರಾನಗರ ಬರೋ ಹೊತ್ತಿಗೆ ಐದು ದಳ ಆಗಿತ್ತು. ಇದೇನು ಬ್ರಹ್ಮವಿದ್ಯೆನಾ, ನಾನೂ ಮಾಡ್ತೀನಿ ಅನ್ಕೊಂಡೆ. (ಬ್ರಹ್ಮವಿದ್ಯೆನೇ.)

ಶನಿವಾರ ಮೆಜೆಸ್ಟಿಕಲ್ಲಿ ಗ್ರೀನ್ ಲೈನಿಗೆ ಹತ್ತಿ ಒಂದೇ ಸ್ಟಾಪ್, ಚಿಕ್ಕಪೇಟೆ. ಗಲ್ಲಿಯೊಳಗೆ ಲೇಸು ಮಣಿ ಗುಂಡಿ ಎಲ್ಲ ಮಾರೋ ಒಂದು ಅಂಗಡಿ. "ಉಲ್ಲನ್ ಬೇಕು" ಅಂದೆ, "ನಿಟ್ಟಿಂಗ್ ಕಡ್ಡಿ ಕೊಡ್ಲಾ ಕ್ರೋಶಾ ಕಡ್ಡಿ ಕೊಡ್ಲಾ" ಅಂದ್ರು, ನಂಗೆ ವ್ಯತ್ಯಾಸಾನೇ ಗೊತ್ತಿರ್ಲಿಲ್ಲ. ಎರಡು ಕಡ್ಡಿ ಇದ್ರೆ ನಿಟ್ಟಿಂಗು, ತುದೀಲಿ ಕೊಕ್ಕೆ ಇರೋ ಒಂದೇ ಕಡ್ಡಿ ಆದ್ರೆ ಕ್ರೋಶೆ, ಅಷ್ಟೆ. ಫ್ರೆಂಚಲ್ಲಿ ಕ್ರೋ ಅಂದ್ರೇನೇ ಕೊಕ್ಕೆ ಅಂತೆ, ನಮ್ ಟೀಮಲ್ಲಿ ಒಬ್ಬ ಇವತ್ತಿಗೂ ಕ್ರಾಚೆಟ್ ಅಂತಾನೆ, ಓನರ್ ಆಂಟಿ ಕ್ರೋಶಾ ಅಂತಾರೆ, ಏನಾದ್ರೂ ಅನ್ನಿ. ನಾನು ತಗೊಂಡಿದ್ದು ಕಪ್ಪು ಉಲ್ಲನ್ನು, ಅದೂ ರೋಮ ರೋಮ ಇರೋ ಮೆತ್ತನೇದು, ಜೊತೆಗೆ 2.5 ಎಂಎಂ ಕಡ್ಡಿ, ಸಣ್ಣಗಿದ್ರೆ ನೀಟಾಗಿ ಬರತ್ತೆ ಅಂತ ನನ್ ಲೆಕ್ಕಾಚಾರ. ಇದಕ್ಕಿಂತ ಕೆಟ್ಟ ಆಯ್ಕೆ ಮಾಡೋಕೆ ಸಾಧ್ಯಾನೇ ಇಲ್ಲ. ಕಪ್ಪಲ್ಲಿ ಸ್ಟಿಚ್ ಕಾಣಲ್ಲ, ರೋಮದಲ್ಲಿ ತೂತು ಸಿಗಲ್ಲ, ಸಣ್ಣ ಕಡ್ಡಿ ದಪ್ಪ ದಾರಾನ ಹಿಡಿಯಲ್ಲ, ಸೀಳತ್ತೆ. ಹೊಸದಾಗಿ ಕಲಿಯೋರು ತಿಳೀ ಬಣ್ಣದ್ದು, ನುಣ್ಣಗಿರೋದು, ಮೀಡಿಯಂ ದಪ್ಪದ್ದು ತಗೊಳ್ಳಿ, 4 ಅಥವಾ 5 ಎಂಎಂ ಕಡ್ಡಿ ತಗೊಳ್ಳಿ, ದುಡ್ಡು ಉಳಿಯತ್ತೆ, ಕಣ್ಣೂ ಉಳಿಯತ್ತೆ.

ಆಮೇಲೆ ಇನ್ನೊಂದು ಹೇಳ್ಬೇಕು, ನಾನು ಎಡಚ. ಊಟ ಬಿಟ್ರೆ (ಅದನ್ನ ಅಜ್ಜಿ ಹೊಡ್ದು ಬಡ್ದು ಬಲಗೈಗೆ ತಂದಿದ್ರು) ಮಿಕ್ಕಿದ್ದೆಲ್ಲಾ ಎಡಗೈಯಲ್ಲೇ. ಯೂಟ್ಯೂಬಲ್ಲಿ ಕನ್ನಡದಲ್ಲೂ ಒಳ್ಳೊಳ್ಳೆ ವಿಡಿಯೋ ಇದಾವೆ, ಆದ್ರೆ ನಾನು ನೋಡಿದ್ದೆಲ್ಲ ಬಲಗೈಯವ್ರದ್ದು. ಅವ್ರು ಕಡ್ಡಿನ ಹಿಂಗೆ ತಿರುಗ್ಸಿ ಅಂದ್ರೆ ನಾನು ಹಂಗೆ ತಿರುಗಿಸ್ಬೇಕು, ತಲೆಯೊಳಗೆ ಉಲ್ಟಾ ಮಾಡಿ ಮಾಡಿ ಅರ್ಧ ಗಂಟೇಲಿ ತಲೆನೋವು ಬರೋದು. ಬಲಗೈಯಲ್ಲೇ ಟ್ರೈ ಮಾಡೋಣ ಅಂತ ಎರಡು ದಿನ ಒದ್ದಾಡಿದೆ, ಕಡ್ಡಿ ಹಿಡಿಯೋದು ಬಿಟ್ಟು ಚಾಕು ಹಿಡ್ದಂಗೆ ಹಿಡೀತಿದ್ದೆ.

ಈಗ ಓನರ್ ಆಂಟಿ. ಕೆಳಗಿನ ಮನೇಲಿರ್ತಾರೆ, ಗೇಟಲ್ಲಿ 'ಸೀರೆಗೆ ಕುಚ್ಚು ಹಾಕಿಕೊಡಲಾಗುವುದು' ಅಂತ ಬೋರ್ಡಿದೆ, ಬೆಂಗಳೂರಲ್ಲಿ ಎರಡು ರಸ್ತೆಗೊಂದು ಈ ಬೋರ್ಡು ಇರತ್ತಲ್ಲ, ಅಂಥದ್ದು. ನಾಲ್ಕು ವರ್ಷದಿಂದ ದಿನಾ ಆ ಬೋರ್ಡ್ ಪಕ್ಕ ಬೈಕ್ ನಿಲ್ಲಿಸ್ತಿದ್ದೆ, ಆ ಕ್ರೋಶಾ ಕುಚ್ಚು ಅನ್ನೋದೂ ನಾನು ಕಲೀಬೇಕು ಅಂತ ಒದ್ದಾಡ್ತಿರೋದೂ ಒಂದೇ ವಿದ್ಯೆ ಅಂತ ಹೊಳೆದೇ ಇರ್ಲಿಲ್ಲ. ಅವ್ರದ್ದು ಇನ್ನೂ ಕಷ್ಟದ ಕೆಲಸ. ಸೂಜಿಯಷ್ಟು ತೆಳ್ಳಗಿರೋ ಸ್ಟೀಲ್ ಕಡ್ಡಿ, ರೇಷ್ಮೆ ದಾರ, ಸೆರಗಿನ ಅಂಚಲ್ಲೇ ಚುಚ್ಚಿ ಚೈನ್ (ಕುಣಿಕೆಯೊಳಗೆ ಕುಣಿಕೆ ಎಳೆದು ಮಾಡೋ ಸರಪಳಿ) ಹಾಕಿ, ಮಣಿ ಸೇರ್ಸಿ, ಕಮಾನು ಕಮಾನಾಗಿ ಕಟ್ಕೊಂಡು ಹೋಗ್ಬೇಕು, ತಪ್ಪಿದ್ರೆ ಇನ್ನೊಬ್ರ ರೇಷ್ಮೆ ಸೀರೆ.

ಬಾಡಿಗೆ ಕೊಡೋಕೆ ಹೋದಾಗ ನನ್ ಕಪ್ಪು ಸಮೋಸಾ ತೋರಿಸ್ದೆ. ಆಂಟಿ ನಗ್ಲಿಲ್ಲ. ಕೈಗೆ ತಗೊಂಡು ಎಳೆದು ನೋಡಿ, "ಏನಪ್ಪಾ ಇದು, ದಾರದ ಕತ್ತು ಹಿಸುಕಿದೀಯಲ್ಲ" ಅಂದ್ರು. ಪಕ್ಕದಲ್ಲಿ ಕೂತು ತೋರ್ಸೋಕೆ ಶುರು ಮಾಡಿದ್ರು, ನಾನು "ಆಂಟಿ, ನಂದು ಎಡಗೈ" ಅಂದೆ. ಒಂದು ನಿಮಿಷ ಯೋಚನೆ ಮಾಡಿ, "ಹಂಗಾದ್ರೆ ಎದುರಿಗೆ ಬಾ, ಕನ್ನಡಿ ನೋಡ್ಕೊಂಡಂಗೆ ನೋಡು" ಅಂದ್ರು. ಅಷ್ಟೇ ನೋಡಿ. ಎದುರಿಗೆ ಕೂತ್ರೆ ಅವ್ರ ಬಲಗೈ ನನ್ನ ಎಡಗೈ ಕಡೆಗೇ ಇರತ್ತೆ, ಅವ್ರು ಮಾಡಿದ್ದನ್ನ ಹಂಗಂಗೇ ಮಾಡಿದ್ರೆ ಆಯ್ತು. ಮೂರು ವಾರದ ತಲೆನೋವು ಸ್ಟೂಲ್ ಜಾಗ ಬದಲಾಯಿಸಿದ್ದಕ್ಕೆ ಹೋಯ್ತು. ದಾರಾನ ಕಿರುಬೆರಳಿಗೆ ಒಂದು ಸುತ್ತು ಸುತ್ಕೊಂಡು ತೋರುಬೆರಳ ಮೇಲೆ ಹರಿಬಿಡೋದನ್ನೂ ಹಂಗೇ ಕಲಿಸಿದ್ರು, ದಾರ ತಾನಾಗೇ ಸರೀತಾ ಹೋಗ್ಬೇಕು, ನಾವು ಎಳೀಬಾರ್ದು.

ಕಳೆದೋದ 7 ಸ್ಟಿಚ್ ವಿಷಯಕ್ಕೆ ಬರ್ತೀನಿ. ಡಬಲ್ ಕ್ರೋಶೆಲಿ (ಎತ್ತರದ ಒಂದು ಸ್ಟಿಚ್ಚು, ಅಮೆರಿಕದ ಹೆಸರು) ಒಂದು ಸಾಲು ಮುಗ್ಸಿ ತಿರುಗಿಸ್ವಾಗ 3 ಚೈನ್ ಹಾಕ್ತೀವಲ್ಲ, ಅದು ಮೇಲಕ್ಕೆ ಹತ್ತೋಕೆ ಏಣಿ ಅಂತ ನಾನು ಅನ್ಕೊಂಡಿದ್ದೆ. ಏಣಿ ಹೌದು, ಆದ್ರೆ ಅದೇ ಆ ಸಾಲಿನ ಮೊದಲನೇ ಸ್ಟಿಚ್ಚೂ ಹೌದು. ಮುಂದಿನ ಸಾಲಲ್ಲಿ ವಾಪಸ್ ಬರ್ವಾಗ ಕೊನೇ ಸ್ಟಿಚ್ಚನ್ನ ಆ ಚೈನ್ ತಲೆ ಮೇಲೆ ಹಾಕ್ಬೇಕು. ಅದು ಸ್ಟಿಚ್ ತರ ಕಾಣಲ್ಲ, ಅಂಚಲ್ಲಿ ಮುದುರ್ಕೊಂಡು ಕೂತಿರತ್ತೆ, ನಾನು ಅದನ್ನ ಬಿಟ್ಟು ತಿರುಗ್ತಿದ್ದೆ, ಸಾಲಿಗೊಂದು ಮಾಯ. "ಎಣಿಸ್ದೆ ಮಾಡ್ತೀಯ, ಆಮೇಲೆ ಹುಡುಕ್ತೀಯ" ಅಂದು ಆಂಟಿ ಅಲ್ಲಿಗೊಂದು ಪಿನ್ನು ಚುಚ್ಚಿಕೊಟ್ರು. ಅದೇ ಬಟ್ಟೆ ಪಿನ್ನು, ಸೀರೆಗೆ ಹಾಕೋದು. ಅಂಗಡೀಲಿ ಇದಕ್ಕೇಂತ ಪ್ಲಾಸ್ಟಿಕ್ ಮಾರ್ಕರ್ ಬೇರೆ ಮಾರ್ತಾರೆ, ಬೇಕಿಲ್ಲ. ಆಂಟಿ ಮಾತ್ರ ಸೀರಿಯಲ್ ನೋಡ್ತಾ, ಫೋನಲ್ಲಿ ಮಗಳ ಜೊತೆ ಜಗಳ ಆಡ್ತಾ, ಎಣಿಕೆ ತಪ್ಪಲ್ಲ. ಹೆಂಗೆ ಅಂತ ಕೇಳಿದೆ, "ನಾನೆಲ್ಲಿ ಎಣಿಸ್ತೀನಿ" ಅಂದ್ರು.

ಪುಣ್ಯ ಅಂದ್ರೆ ಬಿಚ್ಚೋದು ಸಲೀಸು. ನಿಟ್ಟಿಂಗಲ್ಲಿ ಕಡ್ಡಿ ಮೇಲಿರೋ ಅಷ್ಟೂ ಕುಣಿಕೆ ಜೀವಂತವಾಗಿರತ್ತೆ, ಕಡ್ಡಿ ಜಾರಿದ್ರೆ ಕಥೆ ಮುಗೀತು. ಕ್ರೋಶೆಲಿ ಯಾವಾಗ್ಲೂ ಒಂದೇ ಕುಣಿಕೆ, ಕಡ್ಡಿ ತೆಗ್ದು ದಾರ ಎಳೆದ್ರೆ ಪುರ್ರ್ ಅಂತ ಬಿಚ್ಕೊಂಡು ಬರತ್ತೆ. (ಆ ರೋಮದ ಕಪ್ಪು ಉಲ್ಲನ್ ಬಿಟ್ಟು, ಅದು ಬಿಚ್ಚೋಕೂ ಬರಲ್ಲ.) ಮೆಟ್ರೋಲಿ ನಂದು ಹೆಣೆಯೋದಕ್ಕಿಂತ ಬಿಚ್ಚೋದೇ ಜಾಸ್ತಿ, ಒಬ್ರು ಅಂಕಲ್ ಮೆಜೆಸ್ಟಿಕಿಂದ ನೋಡ್ತಾ ಬಂದು ಬೈಯಪ್ಪನಹಳ್ಳೀಲಿ ಇಳಿಯೋಕೆ ಎದ್ದೋರು "ನೀವು ಹೆಣೀತಿದೀರೋ ಬಿಚ್ತಿದೀರೋ ಸಾರ್" ಅಂತ ಕೇಳೇಬಿಟ್ರು.

ಆಮೇಲೆ ಅಮೆರಿಕಾ ಇಂಗ್ಲೆಂಡ್ ಗಲಾಟೆ. ಅಮೆರಿಕದವ್ರು ಸಿಂಗಲ್ ಕ್ರೋಶೆ ಅನ್ನೋ ಗಿಡ್ಡ ಸ್ಟಿಚ್ಚನ್ನ ಇಂಗ್ಲೆಂಡಲ್ಲಿ ಡಬಲ್ ಕ್ರೋಶೆ ಅಂತಾರೆ, ಅಮೆರಿಕದ ಡಬಲ್ ಇಂಗ್ಲೆಂಡಲ್ಲಿ ಟ್ರೆಬಲ್. ನಾನು ಇಂಗ್ಲೆಂಡ್ ಪ್ಯಾಟರ್ನ್ (ಹೆಂಗೆ ಹೆಣೀಬೇಕು ಅಂತ ಬರೆದಿರೋದು) ಇಟ್ಕೊಂಡು ಅಮೆರಿಕನ್ ವಿಡಿಯೋ ನೋಡಿ ಮಾಡಿದ ಫೋನ್ ಪೌಚಲ್ಲಿ ಈಗ ಛತ್ರಿ ಇಡ್ತೀನಿ. ಪ್ಯಾಟರ್ನ್ ಶುರು ಮಾಡೋ ಮುಂಚೆ ಯಾವ ದೇಶದ್ದು ಅಂತ ನೋಡಿ, ಅದ್ರಲ್ಲಿ ಸಿಂಗಲ್ ಕ್ರೋಶೆ ಅನ್ನೋ ಪದ ಇದ್ರೆ ಹೆಚ್ಚುಕಮ್ಮಿ ಅಮೆರಿಕದ್ದೇ.

ಗುಂಡಗೆ ಮಾಡೋದು ಇನ್ನೊಂದು ಕಥೆ. ಸಿಂಗಲ್ ಕ್ರೋಶೆಲಿ ಚಪ್ಪಟೆ ವೃತ್ತ ಬೇಕಂದ್ರೆ 6ರಿಂದ ಶುರು ಮಾಡಿ ಸುತ್ತಿಗೆ 6 ಜಾಸ್ತಿ ಮಾಡ್ತಾ ಹೋಗ್ಬೇಕು, 6, 12, 18, 24. ಕಮ್ಮಿ ಆದ್ರೆ ಬಟ್ಟಲು, ಜಾಸ್ತಿ ಆದ್ರೆ ನೆರಿಗೆ ನೆರಿಗೆ. ನಂದು ಮೊದಲನೇದು ಬಟ್ಟಲಾಯ್ತು, ಆ ಭಯಕ್ಕೆ ಎರಡನೇದ್ರಲ್ಲಿ ಸಿಕ್ಕಾಪಟ್ಟೆ ಜಾಸ್ತಿ ಮಾಡಿ ಎಲೆಕೋಸಾಯ್ತು. ಬೇಜಾರಲ್ಲಿ ಗೂಗಲ್ ಮಾಡಿದ್ರೆ, ಅಮೆರಿಕದ ಕಾರ್ನೆಲ್ ಯೂನಿವರ್ಸಿಟೀಲಿ ಡೈನಾ ತೈಮಿನಾ ಅನ್ನೋ ಗಣಿತದ ಮೇಡಂ 1997ರಲ್ಲಿ ಬೇಕೂಂತಾನೇ ಹಿಂಗೆ ಎಲೆಕೋಸು ಹೆಣೆದು, ಹೈಪರ್ಬಾಲಿಕ್ ಜಾಮಿಟ್ರಿ (ಹಿಂಗೆ ನೆರಿಗೆ ನೆರಿಗೆಯಾಗಿ ಹರಡೋ ಆಕಾರದ ಗಣಿತ) ಅನ್ನೋದನ್ನ ಹುಡುಗ್ರಿಗೆ ಕೈಯಲ್ಲಿ ಮುಟ್ಟಿ ನೋಡೋ ಹಂಗೆ ಮಾಡಿದ್ರಂತೆ. ಅವ್ರದ್ದು ಗಣಿತ, ನಂದು ಟೀ ಕೋಸ್ಟರ್ ಆಗ್ಬೇಕಾಗಿದ್ದ ಕೋಸು.

ಮೂರನೇದು ಚಪ್ಪಟೆ ಬಂತು. ಖುಷಿಗೆ ಅದ್ರ ಮೇಲೆ ದೋಸೆ ಹೆಂಚು ಇಟ್ಟೆ, ಒಲೆಯಿಂದ ಇಳ್ಸಿದ ಹಂಗೇನೇ. ನಾನು ಉಲ್ಲನ್ ಅಂತ ತಗೊಂಡಿದ್ದು ಅಕ್ರಿಲಿಕ್ಕು, ಅಕ್ರಿಲಿಕ್ ಅಂದ್ರೆ ಪ್ಲಾಸ್ಟಿಕ್ಕು ಅಂತ ಆವಾಗ ಜ್ಞಾನೋದಯ ಆಯ್ತು, ಎತ್ತಿದ್ರೆ ಹೆಂಚಿನ ಹಿಂದೆ ಅಂಟ್ಕೊಂಡು ಬಂತು. ಬಿಸಿ ಪಾತ್ರೆ ಕೆಳಗೆ ಇಡೋದನ್ನ ಕಾಟನ್ ದಾರದಲ್ಲೇ ಮಾಡ್ಬೇಕು.

ಒಂದು ವಿಷಯ ಹೇಳ್ಲೇಬೇಕು. ನಿಟ್ಟಿಂಗಿಗೆ ಮಷಿನ್ ಇದೆ, ನಮ್ ಟೀಶರ್ಟೆಲ್ಲ ಅದ್ರಲ್ಲೇ ಬರೋದು. ನಿಜವಾದ ಕ್ರೋಶೆ ಇನ್ನೂ ಕೈಯಲ್ಲೇ, ಮಾಲಲ್ಲಿ ಚೀಪಾಗಿ ಸಿಗೋ ಕ್ರೋಶೆ ಟಾಪನ್ನೂ ಎಲ್ಲೋ ಯಾರೋ ಕೂತು ಹೆಣೆದಿರ್ತಾರೆ. ಇದು ಗೊತ್ತಾದ್ಮೇಲೆ ಆಂಟಿ ಹತ್ರ ಬಂದು ಕುಚ್ಚಿಗೆ 50 ರೂಪಾಯಿ ಚೌಕಾಸಿ ಮಾಡೋರನ್ನ ಕಂಡ್ರೆ ಮೆಟ್ಟಿಲ ಮೇಲಿಂದಾನೇ ಮೈ ಉರಿಯತ್ತೆ.

ಶ್ರಾವಣದಲ್ಲಿ ಆಂಟಿಗೆ ಆರ್ಡರ್ ಸಿಕ್ಕಾಪಟ್ಟೆ, ವರಮಹಾಲಕ್ಷ್ಮಿಗೆ ಎರಡು ದಿನ ಇದೆ, ಅವ್ರದ್ದೇ ಸೀರೆಗೆ ಕುಚ್ಚು ಹಾಕ್ಕೊಳ್ಳೋಕೆ ಟೈಮಿಲ್ಲ. "ಬಾರಪ್ಪಾ, ನೀನೂ ಒಂದು ಕೈ ಹಾಕು, ಬರೀ ಚೈನ್ ತಾನೇ" ಅಂದ್ರು. ಬಲಗೈಯವ್ರು ಬಲದಿಂದ ಎಡಕ್ಕೆ ಹೋಗ್ತಾರೆ, ಎಡಚರು ಎಡದಿಂದ ಬಲಕ್ಕೆ. ಅಂದ್ರೆ ಒಂದೇ ಸೆರಗಿಗೆ ಎರಡು ತುದಿಯಿಂದ ಇಬ್ರೂ ಶುರು ಮಾಡ್ಬೋದು! ರಾತ್ರಿ ಹತ್ತೂವರೆ ತನಕ ಕೂತು, ಅವ್ರು ಮುಕ್ಕಾಲು ಭಾಗ ನಾನು ಕಾಲು ಭಾಗ, ಕೊನೆಗೆ ಇಬ್ರ ಕಡ್ಡೀನೂ ಹತ್ರ ಬಂದ್ವು. ನಂದು ಎಣಿಕೆ ಕರೆಕ್ಟಾಗಿತ್ತು, ಒಂದೂ ತಪ್ಪಿರ್ಲಿಲ್ಲ. ಆಂಟಿ ಸೆರಗನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಅತ್ಲಾಗೆ ಇತ್ಲಾಗೆ ವಾಲಿಸಿ ನೋಡಿದ್ರು.

"ಚೆನ್ನಾಗೇ ಹಾಕಿದೀಯ ಕಣಪ್ಪಾ" ಅಂದ್ರು. "ಆದ್ರೆ ನಂದು ಆ ಕಡೆ ವಾಲಿದೆ, ನಿಂದು ಈ ಕಡೆ."

ಹೌದಲ್ಲ, ಕನ್ನಡಿ.

ಆಮೇಲೆ ನನ್ ಕಾಲು ಭಾಗದ ಕುಣಿಕೆ ಹಿಡ್ದು ಎಳೆದ್ರು, ಎರಡು ನಿಮಿಷ ಕೂಡ ಹಿಡೀಲಿಲ್ಲ, ಬಿಚ್ಚಿದ ದಾರ ಉಂಡೆ ಸುತ್ಕೊಡೋ ಕೆಲಸ ನಂಗೇ ಬಂತು.