ಅಪ್ಪನ ಹೆಸರಿನ ಕೊನೆಗೊಂದು 'ನ್'

ನನ್ನ ಅಪ್ಪನಿಗೆ ಎರಡು ಹೆಸರು. ಒಂದು ಅವರದ್ದು, ಇನ್ನೊಂದು ಕಾಗದದ್ದು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ, ಅದೂ ಅರ್ಧ. ಆ ಅರ್ಧ ಅಕ್ಷರದಿಂದಾಗಿ, ನರ್ಸ್ ಕೆಲಸಕ್ಕೆ ಅಂತ ಜರ್ಮನಿಗೆ ಹೋಗಲಿಕ್ಕೆ ಮಾಡಿದ ನನ್ನ ಫೈಲು ಏಳು ತಿಂಗಳು ಕೂತಲ್ಲೇ ಕೂತಿತ್ತು.

ಹೆಸರನ್ನು ಇಲ್ಲಿ ಬರೆದರೆ ಅಪ್ಪನಿಗೆ ಸರಿಬರಲಿಕ್ಕಿಲ್ಲ. ದೇವರ ಹೆಸರು ಅಂತ ಇಟ್ಟುಕೊಳ್ಳಿ. ಕಾಸರಗೋಡಿನವರಿಗಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕೇಶವ ಆದವನು ಮಲಯಾಳದಲ್ಲಿ ಕೇಶವನ್. ಮಾಧವ ಆದರೆ ಮಾಧವನ್. ಯಾರೂ ಬೇಕೂಂತ ಮಾಡುವುದಲ್ಲ, ಬರೆಯುವವರ ಕೈಗೆ ಆ 'ನ್' ತಾನಾಗಿ ಬರುತ್ತದೆ. ನನ್ನ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ 'ನ್' ಇಲ್ಲ. ಹಾಗಾಗಿ ಪಾಸ್‌ಪೋರ್ಟಿನಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ, ಅಂದರೆ ಹತ್ತನೆಯ ಸರ್ಟಿಫಿಕೇಟಿನಲ್ಲಿ, ಉಂಟು. ಅದನ್ನು ನೋಡಿ ಬರೆದದ್ದರಿಂದ ನರ್ಸಿಂಗ್ ರಿಜಿಸ್ಟ್ರೇಷನ್ನಿನಲ್ಲೂ ಉಂಟು. ಹದಿನೈದು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ಕಣ್ಣಿಗೂ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮ ಮನೆ ಉಪ್ಪಳದಿಂದ ಒಳಗೆ, ಬಸ್ಸಿನಲ್ಲಿ ಅರ್ಧ ಗಂಟೆ. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿಗೆ ಹೋದರೆ ಮಲಯಾಳ. ಹತ್ತನೇ ಕ್ಲಾಸು ಮತ್ತು ಪ್ಲಸ್ ಟು ಕೇರಳದ್ದು. ಬಿಎಸ್ಸಿ ನರ್ಸಿಂಗ್ ಮಂಗಳೂರಿನಲ್ಲಿ, ಅಂದರೆ ಕರ್ನಾಟಕದ್ದು. ನಮ್ಮ ಕಡೆಯ ಮಕ್ಕಳಿಗೆ ಇದೇನೂ ವಿಶೇಷ ಅಲ್ಲ. ಆಸ್ಪತ್ರೆ, ಕಾಲೇಜು, ಮದುವೆ ಸೀರೆ ಎಲ್ಲದಕ್ಕೂ ಮಂಗಳೂರೇ. ಬೆಳಿಗ್ಗೆ ಗಡಿಯ ತಲಪಾಡಿ ದಾಟಿ ಹೋಗಿ ಸಂಜೆ ದಾಟಿ ಬರುವುದನ್ನು ನಾವು 'ಬೇರೆ ರಾಜ್ಯಕ್ಕೆ ಹೋಗುವುದು' ಅಂತ ಲೆಕ್ಕ ಹಿಡಿದವರೇ ಅಲ್ಲ.

2020ರ ಮಾರ್ಚಿನಲ್ಲಿ ಲೆಕ್ಕ ಹಿಡಿಯಬೇಕಾಯಿತು. ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದರು. ನಾನು ಆಚೆ, ಮಂಗಳೂರಿನ ಹಾಸ್ಟೆಲಿನಲ್ಲಿ. ಅಪ್ಪ ಅಮ್ಮ ಈಚೆ. ಡಯಾಲಿಸಿಸ್‌ಗೆ ಅಂತ ವಾರಕ್ಕೆ ಎರಡು ಸಲ ನಮ್ಮ ವಾರ್ಡಿಗೆ ಬರುತ್ತಿದ್ದ ಮಂಜೇಶ್ವರ ಕಡೆಯ ಒಬ್ಬರು ಬರುವುದೇ ನಿಂತಿತು. ಅವರ ಹಾಸಿಗೆಯ ಹತ್ತಿರ ಹೋದಾಗಲೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು. ಇಷ್ಟು ಹತ್ತಿರದ ಮನೆಗೇ ಹೋಗಲಿಕ್ಕಾಗುವುದಿಲ್ಲ ಅಂತಾದರೆ, ಹೋಗುವವಳು ದೂರಕ್ಕೇ ಹೋಗುವುದು ಒಳ್ಳೆಯದು ಅಂತ ಆವಾಗ ಅನ್ನಿಸಿತು. ಸಂಬಳದ ವಿಷಯವೂ ಇತ್ತು, ಸುಮ್ನೆ ಯಾಕೆ ಮುಚ್ಚಿಡಲಿ.

ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಗಲ್ಫ್ ಬಿಟ್ಟು ಜರ್ಮನಿ ಎಂತಕ್ಕೆ?" ಅವರು ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಕಡೆಯವರು ದುಬೈಗೆ ಹೋಗುವುದನ್ನು ನೋಡಿ ಬೆಳೆದವಳು ನಾನು. ಪಾಸ್‌ಪೋರ್ಟು, ಮೆಡಿಕಲ್, ಟಿಕೆಟ್, ಆಮೇಲೆ ಒಂದು ದಿನ ಕಾರಿನ ಮೇಲೆ ಪೆಟ್ಟಿಗೆ ಕಟ್ಟುವುದು. ಜರ್ಮನಿಗೆ ಮೊದಲು ಭಾಷೆ ಬೇಕು. ಎ1, ಎ2, ಬಿ1, ಬಿ2 ಅಂತ ಮೆಟ್ಟಿಲು.

ಭಾಷೆ ಕಲಿಯುವುದು ನಾನು ಹೆದರಿದಷ್ಟು ಕಷ್ಟ ಆಗಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಆನ್‌ಲೈನ್ ಕ್ಲಾಸು. ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ ಅಂದಾಗ ನಗು ಬಂತು. ಹುಡುಗಿ ಅನ್ನುವ ಪದವೂ ನಪುಂಸಕ ಲಿಂಗವೇ ಅಂದಾಗ ಕ್ಲಾಸಿನ ಬೆಂಗಳೂರು ಹುಡುಗಿಯರೆಲ್ಲ ಸಿಟ್ಟಾದರು. ನನಗೆ ಏನೂ ಅನ್ನಿಸಲಿಲ್ಲ. ನಮ್ಮ ನೆರೆಯ ಭಟ್ರ ಮನೆಯ ಹವ್ಯಕ ಕನ್ನಡದಲ್ಲಿ 'ಅಕ್ಕ ಬಂತು' ಅಂತಲೇ ಅನ್ನುವುದು. ಇನ್ನೊಂದು ಮಜಾ ಉಂಟು. 'ವೈಲ್' ಅಂದರೆ 'ಯಾಕೆಂದರೆ'. ಅದು ಬಂತು ಅಂದರೆ ಜರ್ಮನ್ನಿನಲ್ಲಿ ಕ್ರಿಯಾಪದ ನಮ್ಮದರ ಹಾಗೆ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷ್ ಮೀಡಿಯಂನವರು ಅಲ್ಲಿ ಒದ್ದಾಡುವಾಗ ನಾನು ಕನ್ನಡದಲ್ಲಿ ಯೋಚಿಸಿ ಹೇಳಿಬಿಡುತ್ತಿದ್ದೆ.

ಪೆಟ್ಟು ಬಿದ್ದದ್ದು ಕೇಳುವುದರಲ್ಲಿ. ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಪ್ರತಿಯೊಂದರಲ್ಲೂ 100ಕ್ಕೆ 60 ಬರಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು, ಅದು ಪುಣ್ಯ. ಮೂರು ಭಾಗ ಮೊದಲ ಸಲವೇ ಆಯಿತು. ಕೇಳುವುದರಲ್ಲಿ 53. ಎರಡನೇ ಸಲ 57. ಅದರಲ್ಲಿ ಇರುವುದು 30 ಪ್ರಶ್ನೆ, 18 ಸರಿಯಾಗಬೇಕು. 57 ಅಂದರೆ 17. ಒಂದೇ ಒಂದು ಉತ್ತರ! ಫಲಿತಾಂಶ ನೋಡಿದ ದಿನ ಡ್ಯೂಟಿಯಲ್ಲಿದ್ದೆ. ಬಿಪಿ ನೋಡುವ ಪಟ್ಟಿಯನ್ನು ಒಬ್ಬ ಅಜ್ಜಿಯ ತೋಳಿಗೆ ಸುತ್ತಿ ಹಾಗೇ ನಿಂತುಬಿಟ್ಟಿದ್ದೆನಂತೆ. "ಎಂತ ಮಗಾ, ನನಗೆ ಅಷ್ಟು ಜಾಸ್ತಿ ಉಂಟಾ?" ಅಂತ ಅಜ್ಜಿ ಹೆದರಿದರು.

ಮೂರನೇ ಸಲ ಬೆಂಗಳೂರಿಗೆ ಹೋಗುವ ರಾತ್ರಿ ಶಿರಾಡಿ ಘಾಟಿಯಲ್ಲಿ ಮಣ್ಣು ಜರಿದಿತ್ತು. ಬಸ್ಸು ಸುತ್ತುಬಳಸಿ ಹೋಯಿತು. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಮುಖ ತೊಳೆಯಲಿಕ್ಕೂ ಹೊತ್ತಿಲ್ಲದೆ ಹೋಗಿ ಕೂತೆ. ಬಂದದ್ದು 67. ನಿದ್ದೆ ಮಾಡದಿದ್ದರೆ ಕಿವಿ ಚುರುಕಾಗುತ್ತದೋ ಏನೋ.

ಆಮೇಲೆ ಕಾಗದಪತ್ರದ ಕಥೆ. ಕೇರಳದ ಸರ್ಟಿಫಿಕೇಟುಗಳಿಗೆ ಒಂದು ಕಡೆ ಸೀಲು, ಕರ್ನಾಟಕದ್ದಕ್ಕೆ ಇನ್ನೊಂದು ಕಡೆ. ಎಲ್ಲದಕ್ಕೂ ಜರ್ಮನ್ ಅನುವಾದ. ಅದನ್ನೆಲ್ಲ ಅಲ್ಲಿಗೆ ಕಳಿಸಿ ಕಾದ ಮೇಲೆ ಬಂದ ಪತ್ರದ ಹೆಸರು 'ಡೆಫಿಟ್ಸಿಟ್‌ಬೆಶೈಡ್'. ನಮ್ಮ ಓದಿಗೂ ಅವರ ಓದಿಗೂ ಹೋಲಿಸಿ ನೋಡಿ, ನಮ್ಮದರಲ್ಲಿ ಎಂತ ಕಮ್ಮಿ ಇದೆ ಅಂತ ಬರೆದು ಕೊಡುವ ಪತ್ರ. ಅದನ್ನು ಅಲ್ಲಿಗೆ ಹೋಗಿ ತರಬೇತಿ ಮಾಡಿಯೋ ಪರೀಕ್ಷೆ ಬರೆದೋ ತುಂಬಿಸಬೇಕು. ಅದು ಬಂದರೆ ಎಲ್ಲರೂ ಕುಣಿದಾಡುತ್ತಾರೆ. ನಾನು ಅಮ್ಮನಿಗೆ ಫೋನಿನಲ್ಲಿ "ಕೊರತೆಯ ಪತ್ರ ಬಂತು ಅಮ್ಮಾ" ಅಂತ ಕಿರುಚಿದೆ. ಅಮ್ಮ ಅಳಲಿಕ್ಕೆ ಶುರು ಮಾಡಿದರು. ಸಮಾಧಾನ ಮಾಡಲಿಕ್ಕೆ ಹತ್ತು ನಿಮಿಷ ಬೇಕಾಯಿತು. ನನ್ನ ಕೊರತೆಗಳಲ್ಲಿ ಒಂದು, ವಯಸ್ಸಾದವರ ಆರೈಕೆಯ ಗಂಟೆಗಳು ಸಾಲದು ಅಂತ. ಅಪ್ಪ ಕೇಳಿದರು, "ಅಜ್ಜಿಯನ್ನು ನಾಲ್ಕು ವರ್ಷ ಎತ್ತಿ ಮಲಗಿಸಿದ್ದನ್ನು ನೀನು ಅದರಲ್ಲಿ ಬರೀಲಿಲ್ವಾ?"

ಇಷ್ಟೆಲ್ಲ ಆದ ಮೇಲೆ ಏಜೆನ್ಸಿಯ ಹುಡುಗಿ ಫೋನ್ ಮಾಡಿದಳು. "ಮೇಡಂ, ನಿಮ್ಮ ತಂದೆಯ ಹೆಸರಲ್ಲಿ ಒಂದು ಮಿಸ್‌ಮ್ಯಾಚ್ ಇದೆ."

ಎಸ್ಸೆಸ್ಸೆಲ್ಸಿ ಪುಸ್ತಕ ತಿದ್ದಿಸಲು ನಾನು ಓದಿದ ಶಾಲೆಗೆ ಹೋದೆ. ಹೆಡ್ ಮಾಸ್ಟರು ಹೊಸಬರು, ಒಳ್ಳೆಯವರು. ಅರ್ಜಿ ಬರೆಸಿ ತಿರುವನಂತಪುರಕ್ಕೆ ಕಳಿಸಿದರು. ನಮ್ಮಿಂದ ತಿರುವನಂತಪುರ ಅಂದರೆ ರಾಜ್ಯದ ಇನ್ನೊಂದು ತುದಿ. ಒಂದು ರಾತ್ರಿ ಪೂರ್ತಿ ರೈಲು. ಅರ್ಜಿ ಹೋಯಿತು, ಬರಲಿಲ್ಲ. ಎರಡು ತಿಂಗಳಿಗೊಮ್ಮೆ ಫೋನ್ ಮಾಡಿದರೆ 'ಪ್ರೋಸೆಸ್'ನಲ್ಲಿದೆ ಅನ್ನುತ್ತಿದ್ದರು. ಹೀಗೆ ಆರು ತಿಂಗಳು. ನಮ್ಮ ಅಜ್ಜ 1956ರ ನವೆಂಬರ್ 1ರಂದು ಮನೆಯ ಜಗಲಿಯಿಂದ ಕೆಳಗಿಳಿಯದೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಹೋದವರು. ಅವರಿಗೆ ಒಂದು ಅರ್ಜಿಯೂ ಬೇಕಾಗಿರಲಿಲ್ಲ. ನನಗೆ ಒಂದು ಅರ್ಧ ಅಕ್ಷರ ಅಳಿಸಲಿಕ್ಕೆ ಇಷ್ಟು.

ದಾರಿ ತೋರಿಸಿದ್ದು ಅಕ್ಷಯ ಕೇಂದ್ರದ ಹುಡುಗಿ. ನಮ್ಮಲ್ಲಿ ಸರ್ಕಾರಿ ಅರ್ಜಿ ಹಾಕಿಕೊಡುವ ಜಾಗ ಅದು. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದಳು: "ತಿದ್ದಿಸುವುದು ಎಂತಕ್ಕೆ ಅಕ್ಕಾ? ಎರಡೂ ಒಬ್ಬರೇ ಅಂತ ವಿಲ್ಲೇಜ್ ಆಫೀಸಿನಿಂದ ಬರೆಸಿ. 'ವನ್ ಆಂಡ್ ದ ಸೇಮ್' ಸರ್ಟಿಫಿಕೇಟು ಅಂತ. ದಿನಾ ನಾಲ್ಕು ಮಾಡ್ತೇನೆ." ದಿನಾ ನಾಲ್ಕು! ಅಂದರೆ ಈ ಊರಲ್ಲಿ ಎರಡೆರಡು ಹೆಸರಿನವರು ಎಷ್ಟು ಜನ ಇರಬಹುದು, ನೀವೇ ಯೋಚಿಸಿ.

ಅದಕ್ಕೆ ಮೊದಲು ಅಪ್ಪನ ಅಫಿಡವಿಟ್ ಬೇಕಿತ್ತು. ಒಂದು ಸೋಮವಾರ ಅಪ್ಪನನ್ನು ಕರಕೊಂಡು ನೋಟರಿ ವಕೀಲರ ಹತ್ತಿರ ಹೋದೆ. ಅಪ್ಪ ಮದುವೆಗೆ ಹೋಗುವ ಬಿಳಿ ಪಂಚೆ ಉಟ್ಟಿದ್ದರು. ಎಡಗೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರಲ್ಲಿ ರೇಷನ್ ಕಾರ್ಡು, ಆಧಾರು, ಜಮೀನಿನ ತೀರ್ವೆ ರಶೀದಿ, ಅಜ್ಜನ ಕಾಲದ ಒಂದು ಕನ್ನಡ ಪಟ್ಟೆ. ಅದು ಯಾಕೆ ಅಂತ ಕೇಳಿದ್ದಕ್ಕೆ "ಇರ್ಲಿ" ಅಂದರು.

ಸ್ಟಾಂಪ್ ಪೇಪರಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. ವಕೀಲರು ಓದಿ ಕನ್ನಡದಲ್ಲಿ ಹೇಳಿದರು: 'ನ್' ಇಲ್ಲದ ಇಂಥವರು ಮತ್ತು 'ನ್' ಇರುವ ಇಂಥವರು ಬೇರೆ ಬೇರೆ ಅಲ್ಲ, ಒಬ್ಬನೇ ವ್ಯಕ್ತಿ, ಅದು ನಾನೇ ಅಂತ ಪ್ರಮಾಣ ಮಾಡುತ್ತೇನೆ. ಅಪ್ಪ ಗಮನ ಕೊಟ್ಟು ಕೇಳಿದರು. ಪೆನ್ನು ಕೈಗೆ ತೆಗೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟರು.

"ಒಂದು ಡೌಟು ಉಂಟು ವಕೀಲರೇ."

"ಹೇಳಿ."

"ಎರಡು ಹೆಸರೂ ನನ್ನದೇ ಅಂತ ಸೈನ್ ಹಾಕ್ಬೇಕು ಅಲ್ವಾ? ಯಾವ ಹೆಸರಲ್ಲಿ ಹಾಕುವುದು?"

ವಕೀಲರು ಬಾಯಿ ತೆರೆದು ಹಾಗೇ ಮುಚ್ಚಿದರು. ಅವರ ಗುಮಾಸ್ತ ಟೈಪ್ ಮಾಡುವುದನ್ನು ನಿಲ್ಲಿಸಿ ಇತ್ತ ತಿರುಗಿದ. ಮೇಲೆ ಫ್ಯಾನು ಟಕ್ ಟಕ್ ಅನ್ನುತ್ತಿತ್ತು. ಕೊನೆಗೆ ವಕೀಲರು, "ಎರಡೂ ಹಾಕಿಬಿಡಿ. ಒಂದರ ಕೆಳಗೆ ಒಂದು" ಅಂದರು.

ಅಪ್ಪ ಓದಿದ್ದು ಐದನೇ ಕ್ಲಾಸು. ಸೈನ್ ಅಂದರೆ ಅವರಿಗೆ ಗೀಚುವುದಲ್ಲ, ಪೂರ್ತಿ ಹೆಸರು ಕನ್ನಡದಲ್ಲಿ ಬರೆಯುವುದು. ಮೊದಲನೆಯದನ್ನು ಅಭ್ಯಾಸದಂತೆ ಬರೆದರು. ಎರಡನೆಯದಕ್ಕೆ ಬಂದಾಗ ಕೊನೆಯಲ್ಲಿ ನಿಂತರು. ಅರುವತ್ತೊಂದು ವರ್ಷದಲ್ಲಿ ತನ್ನ ಹೆಸರಿಗೆ ಆ ಅಕ್ಷರ ತಾನೇ ಹಾಕಿದವರಲ್ಲ. "ಹಳೇ ಕಾಗದ ಒಂದು ಕೊಡು ಮಗಳೇ" ಅಂದರು. ಕೊಟ್ಟೆ. ಅದರ ಹಿಂಬದಿಯಲ್ಲಿ ನಾಲ್ಕು ಸಲ 'ನ್' ಬರೆದು ನೋಡಿದರು. ಮೊದಲನೆಯದು ಸಣ್ಣದಾಯಿತು. ಎರಡನೆಯದರ ತುದಿ ಬಾಗಿತು. ನಾಲ್ಕನೆಯದು ಅವರಿಗೆ ಒಪ್ಪಿಗೆಯಾಯಿತು. ಆಮೇಲೆ ಸ್ಟಾಂಪ್ ಪೇಪರಿನ ಮೇಲೆ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು, ಬರೆದು ಮುಗಿಸಿದರು. ಶಾಯಿ ಒಣಗಲಿ ಅಂತ ಊದಿದರು. ಅದು ಬಾಲ್ ಪೆನ್ನು.

ವಿಲ್ಲೇಜ್ ಆಫೀಸಿನವರು ದಕ್ಷಿಣದ ಕಡೆಯವರು, ಕನ್ನಡ ಬರುವುದಿಲ್ಲ. ಎರಡೂ ಕಾಗದ ಪಕ್ಕದಲ್ಲಿಟ್ಟು "ರಂಡುಂ ಒರಾಳ್ ತನ್ನೆಯಾಣೋ?" ಅಂತ ಕೇಳಿದರು. ಎರಡೂ ಒಬ್ಬರೇನಾ ಅಂತ. ಅಪ್ಪ ಎದುರಿಗೇ ನಿಂತಿದ್ದರು. ಅವರದ್ದೂ ತಪ್ಪಲ್ಲ, ಕೇಳುವುದು ಅವರ ಕೆಲಸ. ಊರಿಗೆ ಬಂದು ನೆರೆಯವರಲ್ಲಿ ವಿಚಾರಿಸಿದರು. ಅಂಗಡಿಯ ಕಾಕ ಸಾಲದ ಪುಸ್ತಕವನ್ನೇ ತೆರೆದು ತೋರಿಸಿದರಂತೆ. "ಮೂವತ್ತು ವರ್ಷದಿಂದ ಈ ಹೆಸರಿಗೆ ಅಕ್ಕಿ ಕೊಟ್ಟಿದ್ದೇನೆ. ಯಾವ ಹೆಸರಲ್ಲಾದ್ರೂ ಬರ್ಕೊಳ್ಳಿ, ದುಡ್ಡು ಮಾತ್ರ ಬಂದಿದೆ." ಮುಂದಿನ ವಾರ ಸರ್ಟಿಫಿಕೇಟು ಕೈಗೆ ಬಂತು. ಒಂದು ಹಾಳೆ.

ವೀಸಾದ ಅಪಾಯಿಂಟ್‌ಮೆಂಟು ಸಿಕ್ಕಿದ್ದು ಕೊಚ್ಚಿಯಲ್ಲಿ. ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಕಾಗುವ ಮೊದಲೇ ಎರ್ನಾಕುಲಂ. ಅಪ್ಪ ಸ್ಟೇಷನ್ನಿಗೆ ಬಂದಿದ್ದರು. ಫೈಲನ್ನು ತೆರೆದು, ಆ ಸರ್ಟಿಫಿಕೇಟು ಮತ್ತು ತನ್ನ ಅಫಿಡವಿಟ್ ಎರಡನ್ನೂ ಎಲ್ಲಕ್ಕಿಂತ ಮೇಲೆ ಇಟ್ಟುಕೊಟ್ಟರು. "ಅವರು ಕೇಳುವ ಮೊದಲೇ ಕೊಡು."

ಕೌಂಟರಿನಲ್ಲಿದ್ದ ಹುಡುಗಿಗೆ ನನ್ನ ತಂಗಿಯ ವಯಸ್ಸು. ಪಾಸ್‌ಪೋರ್ಟು, ಕೆಲಸದ ಕರಾರು, ಬಿ2, ಕೊರತೆಯ ಪತ್ರ, ಇನ್ಶೂರೆನ್ಸ್ ಒಂದೊಂದಾಗಿ ತೆಗೆದುಕೊಂಡು ಟಿಕ್ ಹಾಕುತ್ತಾ ಹೋದಳು. ನಾನು ಎಲ್ಲಕ್ಕಿಂತ ಮೊದಲೇ ಮುಂದಿಟ್ಟಿದ್ದ ಎರಡು ಹಾಳೆಗಳನ್ನು ಗಾಜಿನ ಕೆಳಗಿನಿಂದ ನನ್ನ ಕಡೆಗೆ ತಳ್ಳಿದಳು.

"ಇದು ಬೇಡ."

"ಅಪ್ಪನ ಹೆಸರಿನದ್ದು," ಅಂದೆ.

"ನಮ್ಮ ಲಿಸ್ಟಿನಲ್ಲಿ ಇಲ್ಲ," ಅಂದಳು. ಮುಂದಿನ ಟೋಕನ್ ನಂಬರು ಬಂತು.

ಹೊರಗೆ ಬಂದು ಒಂದು ನಿಂಬೆ ಸೋಡಾ ಕುಡಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಸಿಲಿಗೆ ಹಾಳೆ ಎತ್ತಿ ಹಿಡಿದು ನೋಡಿದೆ. ಎರಡನೇ ಸೈನಿನ ಕೊನೆಯ 'ನ್' ಉಳಿದ ಅಕ್ಷರಗಳಿಗಿಂತ ಸ್ವಲ್ಪ ದೊಡ್ಡದಾಗಿತ್ತು. ಒತ್ತಿ ಬರೆದದ್ದರಿಂದ ಹಿಂದಿನ ಬದಿಗೂ ಮೂಡಿತ್ತು.

ರಾತ್ರಿ ವಾಪಸು ಬರುವ ರೈಲಿನಲ್ಲಿ ಅಪ್ಪನ ಫೋನು.

"ಆ ಕಾಗದ ತೋರಿಸಿದ್ಯಾ?"

"ಹ್ಞೂಂ ಅಪ್ಪ. ಮೊದಲಿಗೇ ಕೊಟ್ಟೆ."

"ಸರಿಯಾಗಿ ನೋಡಿದ್ರಾ?"

"ನೋಡಿದ್ರು."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ರೈಲು ಯಾವುದೋ ಸೇತುವೆ ದಾಟುತ್ತಿತ್ತು.

"'ನ್' ಸರಿ ಉಂಟಂತಾ?"

"ಸರಿ ಉಂಟಂತೆ," ಅಂದೆ.