ಕೆಂಪು ಹಳದಿಯಾದ ದಿನ

ನಾನು ಇಂಟರ್ನಲ್ ಆಡಿಟ್, ಅಂದರೆ ಕಂಪನಿಯ ಲೆಕ್ಕ, ನಿಯಮಪಾಲನೆ ಒಳಗಿನಿಂದಲೇ ಪರಿಶೀಲಿಸುವ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ನಮ್ಮ ರಿಪೋರ್ಟ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಬಣ್ಣ ಇರುತ್ತದೆ. ಕೆಂಪು ಹಾಕಿದರೆ ವಿಷಯ ನೇರವಾಗಿ ಆಡಳಿತ ಮಂಡಳಿಯ ಮುಂದೆ ಹೋಗುತ್ತದೆ. ಹಳದಿ ಹಾಕಿದರೆ ಆ ವಿಭಾಗದವರೇ ನಿಧಾನಕ್ಕೆ ಸರಿಮಾಡಿಕೊಂಡರೂ ನಡೆಯುತ್ತದೆ.

ಹಿಂದಿನ ಕಂಪನಿಯಲ್ಲಿ ನಮ್ಮ ಆಡಿಟ್ ಮುಖ್ಯಸ್ಥರನ್ನು ಒಂದು ಸಂಜೆ ಇದ್ದಕ್ಕಿದ್ದಂತೆ ತೆಗೆದರು. ಖರೀದಿ ವಿಭಾಗದ ಮೇಲೆ ಅವರು ಕೊಟ್ಟಿದ್ದ ರಿಪೋರ್ಟ್ ಮೇಲಿನವರಿಗೆ ಹಿಡಿಸಿರಲಿಲ್ಲ. ಆ ವಿಭಾಗದವರು ಒಂದೇ ಕೆಲಸವನ್ನು ತುಂಡು ತುಂಡು ಮಾಡಿ, ಟೆಂಡರ್ ಕರೆಯಲೇಬೇಕಾದ ಮಿತಿಗಿಂತ ಸ್ವಲ್ಪವೇ ಕಡಿಮೆ ಮೊತ್ತದ ಬಿಲ್‌ಗಳಲ್ಲಿ ಒಬ್ಬನೇ ಸರಬರಾಜುದಾರನಿಗೆ ಕೊಟ್ಟಿದ್ದರು. ಅದನ್ನು ನಮ್ಮ ಮುಖ್ಯಸ್ಥರು ಬಿಡಿಸಿ ತೋರಿಸಿದ್ದರು. ನಮಗೆ ಬಂದ ಮೇಲ್‌ನಲ್ಲಿ ಇದ್ದ ಕಾರಣ ಒಂದೇ: ಪುನರ್‌ರಚನೆ.

ಮುಂದಿನ ತಿಂಗಳು ನಾನು ಇನ್ನೊಂದು ವಿಭಾಗದ ರಿಪೋರ್ಟ್ ಬರೆಯುತ್ತಿದ್ದೆ. ಅಲ್ಲೂ ಅದೇ ತರದ ಬಿಲ್‌ಗಳು. ಕೆಂಪು ಹಾಕಿದ್ದೆ. ಆಮೇಲೆ ಸುಮಾರು ಹೊತ್ತು ಸುಮ್ನೆ ಪರದೆ ನೋಡುತ್ತಾ ಕೂತೆ. ಹಳದಿ ಮಾಡಿದೆ. ‘ನಿಯಮ ಮೀರಲಾಗಿದೆ’ ಅಂತ ಇದ್ದ ಸಾಲನ್ನು ಅಳಿಸಿ ‘ಪದ್ಧತಿಯನ್ನು ಇನ್ನಷ್ಟು ಉತ್ತಮಗೊಳಿಸಬಹುದು’ ಅಂತ ಬರೆದೆ. ಯಾರೂ ಫೋನ್ ಮಾಡಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುತ್ತದೆ.

ಅದಕ್ಕೇ ಅಮೆರಿಕದ ಸುದ್ದಿ ಓದಿದಾಗ ನನಗೆ ಅದು ದೂರದ್ದು ಅನ್ನಿಸಲಿಲ್ಲ. ಅಲ್ಲಿನ ಸರ್ಕಾರಿ ಇಲಾಖೆಗಳಲ್ಲಿ ಇನ್ಸ್‌ಪೆಕ್ಟರ್ ಜನರಲ್ ಅಂತ ಇರುತ್ತಾರೆ. ಪೊಲೀಸರಲ್ಲ. ಇಲಾಖೆಯೊಳಗೇ ಕೂತು ಅದರ ಖರ್ಚು, ಅಕ್ರಮ ಎಲ್ಲ ತನಿಖೆ ಮಾಡಿ ಸಂಸತ್ತಿಗೂ ವರದಿ ಕೊಡುವವರು. 1978ರ ಕಾನೂನಿನಿಂದ ಬಂದ ವ್ಯವಸ್ಥೆ ಇದು. 2025ರ ಜನವರಿ 24ರ ಶುಕ್ರವಾರ ರಾತ್ರಿ, ಅಧ್ಯಕ್ಷ ಟ್ರಂಪ್ ಅವರ ಆಡಳಿತ ಸುಮಾರು 17 ಮಂದಿಯನ್ನು ಚಿಕ್ಕದೊಂದು ಇಮೇಲ್ ಕಳಿಸಿ ತೆಗೆದುಹಾಕಿತು. ಕಾರಣ? ‘ಆದ್ಯತೆಗಳು ಬದಲಾಗಿವೆ’. ಪುನರ್‌ರಚನೆ ಅನ್ನೋ ಮಾತಿನ ಅಣ್ಣನೇ ಇದು.

ಫೆಬ್ರವರಿ 10ರಂದು, ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕದ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಇನ್ಸ್‌ಪೆಕ್ಟರ್ ಜನರಲ್ ಕಚೇರಿ ಒಂದು ಎಚ್ಚರಿಕೆ ಕೊಟ್ಟಿತು. ನೆರವಿನ ಕೆಲಸ ನಿಂತಿರುವುದರಿಂದ 48.9 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಯ ಆಹಾರ ಬಂದರು, ಗೋದಾಮುಗಳಲ್ಲಿ ಕೆಡುವ ಅಪಾಯದಲ್ಲಿದೆ ಅಂತ. ಮಾರನೇ ದಿನ ಅದರ ಮುಖ್ಯಸ್ಥ ಪಾಲ್ ಮಾರ್ಟಿನ್ ಕೆಲಸ ಕಳೆದುಕೊಂಡರು. ಆ ಕಚೇರಿಯಲ್ಲಿ ಉಳಿದವರು ಮುಂದಿನ ವರದಿ ಬರೆಯಲು ಕೂತಾಗ ಅವರ ಕೈ ಹೇಗಿದ್ದೀತು? ನನಗೆ ಆ ಕೈ ಗೊತ್ತು.

ಕೆಲಸ ಬಾರದವರನ್ನು ತೆಗೆಯಬಾರದಾ ಅಂತ ಕೇಳುವವರಿದ್ದಾರೆ. ಖಂಡಿತ ತೆಗೆಯಬೇಕು. ಅಲ್ಲಿನ ಕಾನೂನು ಅದಕ್ಕೆ ದಾರಿಯನ್ನೂ ಇಟ್ಟಿತ್ತು: 30 ದಿನ ಮೊದಲು ಸಂಸತ್ತಿಗೆ ತಿಳಿಸಬೇಕು. 2022ರಲ್ಲಿ ಇನ್ನೂ ಬಿಗಿ ಮಾಡಿ, ಪ್ರತಿಯೊಬ್ಬರ ಬಗ್ಗೆಯೂ ವಿವರವಾಗಿ ಕಾರಣ ಬರೆದುಕೊಡಬೇಕು ಅಂದರು. ಆ 30 ದಿನ ಇರುವುದೇ ‘ಇವರು ಈಗ ಏನು ತನಿಖೆ ಮಾಡುತ್ತಿದ್ದರು?’ ಅಂತ ಯಾರಾದರೂ ಕೇಳಲಿ ಅಂತ. ಆ ರಾತ್ರಿ ಎರಡೂ ಆಗಲಿಲ್ಲ. ಎಂಟು ಮಂದಿ ಕೋರ್ಟಿಗೆ ಹೋದರು. ಆ ಎಂಟು ಮಂದಿಯನ್ನು ತೆಗೆದದ್ದು ಕಾನೂನುಬಾಹಿರ ಅಂತ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶೆ ಅನಾ ರೇಯಸ್ ಹೇಳಿದರು. ಆದರೆ ಹುದ್ದೆ ವಾಪಸ್ ಕೊಡಿಸಲಿಲ್ಲ. ಕೊಡಿಸಿದರೂ ಅಧ್ಯಕ್ಷರು 30 ದಿನದ ನೋಟಿಸ್ ಕೊಟ್ಟು ಮತ್ತೆ ತೆಗೆಯಬಹುದು ಅನ್ನುವುದು ನ್ಯಾಯಾಧೀಶೆಯ ಲೆಕ್ಕ.

ಇದರಲ್ಲಿ ಹೊರಗಿನವರಿಗೆ ಕಾಣದ್ದು ಒಂದಿದೆ. ಕಾವಲುಗಾರ ಹೋದಮೇಲೂ ರಿಪೋರ್ಟ್‌ಗಳು ಬರುತ್ತಲೇ ಇರುತ್ತವೆ. ಅಷ್ಟೇ ಪುಟ, ಅದೇ ಮುದ್ರೆ. ಬಣ್ಣ ಮಾತ್ರ ತಿಳಿಯಾಗಿರುತ್ತದೆ. ನನ್ನ ಆ ಹಳದಿ ರಿಪೋರ್ಟನ್ನು ಎಲ್ಲರೂ ಚೆನ್ನಾಗಿದೆ ಅಂದರು.

ಈಗಿನ ಕಂಪನಿಯ ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ನಾನು ಕೇಳಿದ್ದು, ‘ನಿಮ್ಮ ಆಡಿಟ್ ಮುಖ್ಯಸ್ಥರನ್ನು ಯಾರು ತೆಗೆಯಬಹುದು?’ ಅಂತ. ಎಂಡಿ ಒಬ್ಬರಿಂದ ಆಗಲ್ಲ, ಆಡಿಟ್ ಕಮಿಟಿ ಒಪ್ಪಬೇಕು, ಕಾರಣ ಬರಹದಲ್ಲಿರಬೇಕು ಅಂದರು. ಆ ಪುಟ ತೋರಿಸಿ ಅಂದೆ. ತೋರಿಸಿದರು, ಸೇರಿಕೊಂಡೆ. ಈಗ ಯಾವುದೇ ರಿಪೋರ್ಟ್‌ನಲ್ಲಿ ಬಣ್ಣ ಬದಲಿಸಿದರೆ, ಯಾಕೆ ಬದಲಿಸಿದೆ ಅಂತ ತಾರೀಖು ಹಾಕಿ ಫೈಲಿನಲ್ಲಿ ಬರೆದಿಡುತ್ತೇನೆ.